ಬುಧವಾರದ ಸೀತನಿ

ಉದಗೀರದ ಆ ಸ್ಟುಡಿಯೋದಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟಿನ ಡಬ್ಬಿ ತೆರೆದಾಗ ಬಂದ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಟ್ರಂಕಿನ ತಳದಲ್ಲಿ ನಾಲ್ಕು ಮಳೆಗಾಲ ಕಳೆದ ಕಂಬಳಿಯದ್ದೂ ಹೌದು, ಸ್ವಲ್ಪ ಹುಳಿ ಮಜ್ಜಿಗೆಯದ್ದೂ ಹೌದು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಮಾತ್ರ ಮೂಗು ಮುಚ್ಚಿಕೊಳ್ಳಲಿಲ್ಲ. ನಮ್ಮ ಕಡೆ ಇಂಥ ಕ್ಯಾಸೆಟ್ಟು ಓಡಿಸುವ ಯಂತ್ರ ಈಗ ಉಳಿದಿರುವುದು ಅವಳೊಬ್ಬಳ ಹತ್ತಿರವಂತೆ. ಅದಕ್ಕೇ ನಾನು ಉಮರ್ಗಾದಿಂದ ನಿಲಂಗಾಕ್ಕೆ ಒಂದು ಬಸ್ಸು, ನಿಲಂಗಾದಿಂದ ಉದಗೀರಕ್ಕೆ ಇನ್ನೊಂದು ಬಸ್ಸು ಹಿಡಿದು, ಒಂಬತ್ತು ಕ್ಯಾಸೆಟ್ಟನ್ನು ಬಟ್ಟೆಯ ಚೀಲದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ. ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಡುತ್ತೇನೆ ಎಂದಿದ್ದಳು.

ಇಳಿಸುವುದು ಮುಗಿಯುತ್ತ ಬಂದಾಗ ಅವಳು ನನ್ನ ಕಡೆ ತಿರುಗಿ ಕೇಳಿದಳು: "ಕಾಕಾ, ತಾರೀಖ್ ಟಾಕೂ ಕಾ?"

ತಾರೀಖು ಹಾಕಲೇ ಎಂದು. ಕೆಲವು ಕ್ಯಾಸೆಟ್ಟಿನಲ್ಲಿ ತಾರೀಖೇ ಇಲ್ಲ, ಒಂದರಲ್ಲಿ ಇದೆ ಆದರೆ ಮಸುಕಾಗಿದೆ, ಬೇಕೆಂದರೆ ಅದರ ಮೇಲೆ ಕಪ್ಪು ಪಟ್ಟಿ ಎಳೆದು ಹೊಸದಾಗಿ ತಾರೀಖು, ಟೈಮು ಎರಡೂ ಬರೆಯಬಹುದು ಎಂದು ಮರಾಠಿಯಲ್ಲಿ ವಿವರಿಸಿದಳು. ಯಾವ ತಾರೀಖು ಬರೆಯುತ್ತೀ ಎಂದು ಕೇಳಿದೆ. ನೀವು ಯಾವುದು ಹೇಳುತ್ತೀರೋ ಅದು ಎಂದಳು.

ನೀವು ಯಾವುದು ಹೇಳುತ್ತೀರೋ ಅದು. ಅವಳ ಪಾಲಿಗೆ ಅದು ಎರಡು ಸಲ ಬೆರಳು ಒತ್ತುವ ಕೆಲಸ. ನನಗೆ ಮಾತ್ರ ಕಿವಿಯ ತುದಿ ಬಿಸಿಯಾಯಿತು. ಆ ಮಸುಕಾದ ತಾರೀಖು ಯಾವುದೆಂದು ನೋಡದೆಯೇ ನನಗೆ ಗೊತ್ತಿತ್ತು. "ನಾಳೆ ಬಂದು ಹೇಳ್ತೀನಿ ತಾಯಿ," ಎಂದು ಖಾಲಿ ಚೀಲ ಹಿಡಿದು ಎದ್ದುಬಂದೆ. ನಾಳೆ ಹೇಳುತ್ತೇನೆ ಎನ್ನುವುದರಲ್ಲಿ ನನ್ನಷ್ಟು ಪಳಗಿದವರು ಉಮರ್ಗಾ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಹೇಗೆ ಪಳಗಿದೆ ಎಂಬುದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕ್ಯಾಮೆರಾ ನಮ್ಮ ಮನೆಗೆ ಬಂದದ್ದು ತೊಂಬತ್ಮೂರರ ಭೂಕಂಪವಾದ ಮೂರನೆಯ ವರ್ಷ. ಉಮರ್ಗಾದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ದುಬೈಯಿಂದ ತಿರುಗಿ ಬಂದ ಗಿರಾಕಿಯೊಬ್ಬರು ತಮ್ಮ ಜಪಾನಿ ಕ್ಯಾಮೆರಾವನ್ನು ಮಾರುತ್ತೇನೆಂದಾಗ ನಾನು ಅಪ್ಪನ ಹಿಂದೆ ಹದಿನೈದು ದಿನ ಸುತ್ತಿದೆ. ಅಪ್ಪ ಅಂಥ ಆಟಿಕೆಗೆಲ್ಲ ಬಗ್ಗುವವರಲ್ಲ. ಕೊನೆಗೆ ಒಂದು ದಿನ ಅದನ್ನು ಕೈಯಲ್ಲಿ ಹಿಡಿದು, ತಕ್ಕಡಿಯಲ್ಲಿ ತೂಗುವವರಂತೆ ಮೇಲೆ ಕೆಳಗೆ ಮಾಡಿ ಕೇಳಿದರು:

"ಇದರಾಗ ತಾರೀಖು ಬರ್ತದೇನು?"

"ಬರ್ತದರಿ. ಟೈಮ್ ಸುದ್ದಾ ಬರ್ತದ."

"ಹಂಗಾದ್ರ ತಗೋ."

ಅಪ್ಪನಿಗೆ ತಾರೀಖಿನ ಮೇಲೆ ಅಷ್ಟು ಭಕ್ತಿ ಬಂದದ್ದು ಭೂಕಂಪದಿಂದ. ನಮ್ಮ ಮನೆ ಬೀಳಲಿಲ್ಲ. ಸುತ್ತಲಿನ ಊರುಗಳಲ್ಲಿ ಮನೆಗೆ ಮನೆಯೇ ಮಣ್ಣಾಗಿ ಹೋಗಿರುವಾಗ, ನಮ್ಮದು ನಿಂತಿದೆ ಎಂದು ಹೇಳಿಕೊಳ್ಳಲಿಕ್ಕೂ ಆ ದಿನಗಳಲ್ಲಿ ನಮಗೆ ಬಾಯಿ ಬರುತ್ತಿರಲಿಲ್ಲ. ಅಡಿಗೆಮನೆಯ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿತ್ತು, ಅಷ್ಟೆ. ಅಪ್ಪ ಪ್ರತಿ ತಿಂಗಳು ಒಂದನೆಯ ತಾರೀಖಿಗೆ ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದರು. ಮುಂದಿನ ತಿಂಗಳು ಬಿರುಕು ಗೆರೆ ದಾಟಿದ್ದರೆ ಮನೆ ಬಿಡುವುದು, ದಾಟದಿದ್ದರೆ ಇರುವುದು. ಮೂರು ವರ್ಷ ಅದು ದಾಟಲಿಲ್ಲ. ನಾವು ಸೂರಿನ ಕೆಳಗೆ ಕಣ್ಣು ಮುಚ್ಚಿ ಮಲಗುತ್ತಿದ್ದದ್ದು ಆ ಪೆನ್ಸಿಲ್ ತಾರೀಖುಗಳ ಧೈರ್ಯದ ಮೇಲೆ. ಇಂಥ ಮನುಷ್ಯ ತಾರೀಖು ಕಾಣಿಸುವ ಯಂತ್ರಕ್ಕೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಇನ್ನೊಂದು ರೂಢಿಯನ್ನೂ ಹೇಳಿಬಿಡುತ್ತೇನೆ. ಅಂಗಡಿಯ ಗೋಡೆಗೆ ದಿನಕ್ಕೊಂದು ಹಾಳೆಯ ಕ್ಯಾಲೆಂಡರ್ ತೂಗುಹಾಕಿತ್ತು. ಊರಲ್ಲಿ ಎಲ್ಲರೂ ಬೆಳಿಗ್ಗೆ ಎದ್ದು ನಿನ್ನೆಯ ಹಾಳೆ ಹರಿದರೆ, ಅಪ್ಪ ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕೈಮುಗಿದು, ಅಂದಿನ ಹಾಳೆಯನ್ನು ಅಂದೇ ಹರಿದುಬಿಡುತ್ತಿದ್ದರು. ದೀಪ ಹಚ್ಚಿದ ಮೇಲೆ ದಿನ ಮುಗಿಯಿತು, ಮುಗಿದ ದಿನ ಗೋಡೆಯ ಮೇಲೆ ಇರಬಾರದು ಎಂಬುದು ನಮ್ಮ ಅಜ್ಜನ ಕಾಲದಿಂದ ಬಂದ ಪದ್ಧತಿ. ನಾನು ಹುಟ್ಟಿದಾಗಿನಿಂದ ನೋಡಿದ್ದು. ನೋಡಿ ನೋಡಿ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಇನ್ನು ಶಾಂತಾ ವೈನಿ. ನಮ್ಮಣ್ಣನ ಹೆಂಡತಿ. ಉದಗೀರದ ಕಾಳುಕಡಿ ವ್ಯಾಪಾರಸ್ಥರ ಮಗಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಕರೆದು ಉಣ್ಣಲಿಕ್ಕೆ ಹಾಕಿದವಳು, ನನ್ನ ಅಂಗಿಯ ಗುಂಡಿ ಹಚ್ಚಿದವಳು, ನಾನು ಕಾಲೇಜಿನಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ಅಪ್ಪನಿಗೂ ನನಗೂ ನಡುವೆ ನಿಂತವಳು ಆಕೆ. ಆಕೆಗೆ ತವರಿನಲ್ಲಿ ಉಳಿದಿದ್ದದ್ದು ಒಬ್ಬನೇ ಅಣ್ಣ, ಭದ್ರಣ್ಣ.

ಭೂಕಂಪದಲ್ಲಿ ಭದ್ರಣ್ಣನ ಕಲ್ಲಿನ ಮನೆ ಬಿರಿದು, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ಇದ್ದ. ಆಮೇಲೆ ಕೋಟೆಯ ಹತ್ತಿರದ ಓಣಿಯಲ್ಲಿ ಸಿಮೆಂಟಿನ ಮನೆ ಕಟ್ಟಿಸಿದ. ಜನವರಿಯ ಒಂದು ಗುರುವಾರ ವಾಸ್ತು, ಎಂದರೆ ಗೃಹಪ್ರವೇಶ, ಇಟ್ಟ. ಮನೆಮಗಳು ತುಂಬಿದ ಕೊಡ ಹೊತ್ತು ಮೊದಲು ಹೊಸ್ತಿಲು ದಾಟಬೇಕು, ಅವಳ ಹಿಂದೆ ಉಳಿದವರು ಎಂಬುದು ಅವರ ಮನೆಯ ನಡಾವಳಿ. ಆ ಕೊಡಕ್ಕೆಂದೇ ಭದ್ರಣ್ಣ ಹೊಸ ತಾಮ್ರದ ಕೊಡ ತಂದು, ತಂಗಿಗೆ ಎರಡು ಸಲ ಹೇಳಿಕಳಿಸಿದ್ದ. ಅಪ್ಪ ಮತ್ತು ಅಣ್ಣ ಕೆಲಸಕ್ಕೆ ಕೈಜೋಡಿಸಲೆಂದು ಮಂಗಳವಾರವೇ ಉದಗೀರಕ್ಕೆ ಹೋದರು. ವೈನಿಯನ್ನು ಗುರುವಾರ ಮೊದಲ ಬಸ್ಸಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಬುಧವಾರ ದಾಳಿಂಬ ಎಂಬ ಹಳ್ಳಿಯಲ್ಲಿದ್ದ ನಮ್ಮ ಹೊಲದಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಶೇಂಗಾ ಚಟ್ನಿಯ ಜೊತೆ ತಿನ್ನುವುದು. ಮರಾಠಿಯವರು ಹುರಡಾ ಎನ್ನುತ್ತಾರೆ. ಓಣಿಯ ಎರಡು ಮನೆಯವರನ್ನು ಮೊದಲೇ ಕರೆದಿದ್ದರಿಂದ ವೈನಿ ಬರಲೇಬೇಕಾಯಿತು. ನಾನು ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಟೆ. ಅದರ ಹಿಂದಿನ ವಾರವಷ್ಟೇ ಕ್ಯಾಮೆರಾದೊಳಗಿನ ಗುಂಡಿಯಂಥ ಸೆಲ್ಲು ಸತ್ತು ತಾರೀಖು ಅಳಿಸಿಹೋಗಿತ್ತು. ಒಂದು ಸಂಜೆ ಅಂಗಡಿಯಲ್ಲಿ ಕೂತು ಹೊಸ ಸೆಲ್ಲು ಹಾಕಿ, ತಲೆಯೆತ್ತಿ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು, ಗಡಿಯಾರ ನೋಡಿ ಟೈಮು ಕೂಡಿಸಿದ್ದೆ. ವೈನಿ ಚಹಾ ತಂದವಳು ಲೋಟ ಹಿಡಿದುಕೊಂಡೇ ನಿಂತು, "ಇಷ್ಟಕ್ಕ ಇಷ್ಟು ಹೊತ್ತೇನು?" ಎಂದು ನಕ್ಕಿದ್ದಳು.

ಹೊಲದಲ್ಲಿ ನಾನು ತೆಗೆದದ್ದೆಲ್ಲ ಆಕೆಯನ್ನೇ. ಅಂಗೈಯೆಲ್ಲ ಕರ್ರಗೆ ಮಸಿ, ಮೂಗಿನ ತುದಿಗೂ ಒಂದಿಷ್ಟು. ಹೊಟ್ಟು ಊದಿದಾಗ ಅದೆಲ್ಲ ಕ್ಯಾಮೆರಾದ ಕಣ್ಣಿಗೇ ಬಂದು ಬಿತ್ತು. ಆಕೆ ಬಿದ್ದು ಬಿದ್ದು ನಕ್ಕು, ಒಂದು ಹಿಡಿ ಕಾಳು ಮುಂದೆ ಚಾಚಿ, "ತಗೋ, ನಿನ್ನ ಮಷಿನ್‌ಗೂ ಒಂದೀಟು ತಿನಸು" ಎಂದಳು. ಕೆಳಗೆ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು, ಟೈಮು ಮಿನುಗುತ್ತಿದ್ದವು. ಅವು ಇದ್ದವೆಂಬುದೇ ನನಗೆ ಹೆಮ್ಮೆ. ಏನಿದ್ದವೆಂದು ನಾನು ಓದಲಿಲ್ಲ.

ಅಂದು ಸಂಜೆಯೇ ಆಕೆಗೆ ಜ್ವರ ಏರಿತು. ಬೆಳಗಿನ ಹೊತ್ತಿಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಆದರೂ ಗೋಡೆ ಹಿಡಿದು ಎದ್ದು ಸೀರೆ ಉಟ್ಟುಕೊಳ್ಳಲು ನೋಡಿ, ಅಲ್ಲೇ ಕುಸಿದಳು. ಒದ್ದೆ ಬಟ್ಟೆ ಹಣೆಗೆ ಹಾಕಿದವನು ನಾನು. ಗುಳಿಗೆ ತಂದವನು ನಾನು. ಅಂಗಡಿಯ ಫೋನು ಸತ್ತು ಎಂಟು ದಿನವಾಗಿದ್ದರಿಂದ ಉದಗೀರಕ್ಕೆ ಸುದ್ದಿ ಮುಟ್ಟಿಸಲಿಕ್ಕೂ ಆಗಲಿಲ್ಲ. ಅಲ್ಲಿ ಭದ್ರಣ್ಣ ಮುಹೂರ್ತ ಮೀರುವವರೆಗೆ ರಸ್ತೆ ನೋಡಿ, ಕೊನೆಗೆ ಯಾರದೋ ಮಗಳ ತಲೆಯ ಮೇಲೆ ಕೊಡ ಇಟ್ಟು ಒಳಗೆ ಹೋದನಂತೆ.

ಮನುಷ್ಯ ಕೆಟ್ಟವನಲ್ಲ. ಎರಡು ತಿಂಗಳ ಮೇಲೆ ನಮ್ಮಣ್ಣನ ಮಗನ ಜಾವಳಕ್ಕೆ, ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ, ಹೆಂಡತಿ ಮಕ್ಕಳ ಸಮೇತ ಬಂದ. ಬಾಳೆಹಣ್ಣಿನ ಗೊನೆ, ಬಟ್ಟೆಬರೆ ತಂದ. "ಜ್ವರಕ್ಕ ಯಾರೇನ ಮಾಡ್ತಾರವಾ," ಎಂದು ತಂಗಿಯ ತಲೆ ಮುಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆ ತುಂಬ ನೆಂಟರಿರುವಾಗ ಟೀವಿಗೆ ವೈರು ಸಿಕ್ಕಿಸದೆ ಇರಲು ನನ್ನಿಂದ ಆಗುವುದೇ?

ಹಿಂದಿನ ವರ್ಷದ ದೀಪಾವಳಿ ತೋರಿಸಿದೆ, ಯೆಣೆಗೂರಿನ ಸೋದರತ್ತೆಯ ಮನೆಯ ತೊಟ್ಟಿಲು ತೋರಿಸಿದೆ. ಭದ್ರಣ್ಣ ಮೂಲೆಯ ಅಂಕಿಗಳನ್ನು ಬೆರಳಿನಿಂದ ತೋರಿಸಿ ಮೆಚ್ಚುಗೆಯಿಂದಲೇ ಕೇಳಿದ:

"ತಮ್ಮಾ, ಈ ತಾರೀಖು ಬರಾಬರ್ ಇರ್ತದೇನು?"

"ಸೆಕೆಂಡ್ ಸುದ್ದಾ ತಪ್ಪಂಗಿಲ್ರಿ. ಜಪಾನಿ ಮಷಿನ್ ಅದ. ಮನಶ್ಯಾರು ತಪ್ಪಬಹುದು, ಇದು ತಪ್ಪಂಗಿಲ್ಲ."

ನೋಡಿ, ನನ್ನ ಬಾಯಿಂದ ಬಂದ ಮಾತು ಇದು. ನಾನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಪರದೆಯ ಮೇಲೆ ದಾಳಿಂಬದ ಹೊಲ ಬಂತು. ವೈನಿ ನಕ್ಕಳು, ಹೊಟ್ಟು ಊದಿದಳು, ಮಷಿನ್‌ಗೂ ತಿನಸು ಎಂದಳು. ನೆಂಟರೆಲ್ಲ ನಕ್ಕರು. ಭದ್ರಣ್ಣ ನಗಲಿಲ್ಲ. ಆ ತಾರೀಖನ್ನು ಅವನು ಹೊಸ ಮನೆಯ ಬಾಗಿಲ ಮೇಲೆ ಸಿಮೆಂಟಿನಲ್ಲಿ ಕೊರೆಸಿದ್ದ. ಅದೇ ತಾರೀಖು, ಮಧ್ಯಾಹ್ನ ಹನ್ನೆರಡೂವರೆಯ ಸುಮಾರು, ಜ್ವರದಲ್ಲಿ ಬಿದ್ದಿದ್ದಳೆಂದ ತಂಗಿ ಜೋಳದ ಹೊಲದಲ್ಲಿ ಕೂತು ನಗುತ್ತಿದ್ದಾಳೆ.

"ಶಾಂತಾ, ಇದೇನದ?" ಎಂದ ಮೆಲ್ಲಗೆ.

ವೈನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಆಕೆ ಹೇಳಿದ್ದು ಒಂದೇ ಮಾತು: "ಅಣ್ಣಾ, ಅದು ಬುಧವಾರ."

"ತಾರೀಖು ಗುರುವಾರದ್ದದ."

"ಬುಧವಾರ ಅಣ್ಣಾ. ಜ್ವರ ಬಂದದ್ದು ಸಂಜಿಗಿ. ಬೇಕಾದ್ರ ಓಣ್ಯಾಗಿನವ್ರಿಗೆ ಕೇಳು."

"ಸಾಕ್ಷಿ ಕೇಳ್ಕೋತ ತಿರಗಾಡ್ಲಿಕ್ಕ ಇದೇನು ಕಚೇರಿಯೇನವಾ," ಎಂದ ಭದ್ರಣ್ಣ. ಆಮೇಲೆ ನನ್ನ ಕಡೆ ನೋಡಿದ. ಅವನ ಹಿಂದೆ ಅಪ್ಪ ನೋಡಿದರು, ಅಣ್ಣ ನೋಡಿದ. ಆ ಎರಡು ದಿನ ಅವರಿಬ್ಬರೂ ಉದಗೀರದಲ್ಲಿದ್ದವರು, ಮನೆಯಲ್ಲಿ ಇದ್ದದ್ದು ನಾನೊಬ್ಬನೇ. ಕೊನೆಗೆ ವೈನಿಯೂ ನೋಡಿದಳು. ಆಕೆಯ ಮುಖದಲ್ಲಿ ಗಾಬರಿಯಿರಲಿಲ್ಲ. ನಾನಿದ್ದೇನಲ್ಲ ಎಂಬ ಧೈರ್ಯವಿತ್ತು.

ನಾನು ಬಗ್ಗಿ ಟೀವಿಯ ಹಿಂದಿನ ವೈರು ತೆಗೆಯತೊಡಗಿದೆ.

ಏನು ಯೋಚಿಸಿದೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ನನ್ನ ತಲೆಯಲ್ಲಿದ್ದದ್ದು ಈಗಷ್ಟೇ ಆಡಿದ ಮಾತು: ಸೆಕೆಂಡ್ ಸುದ್ದಾ ತಪ್ಪಂಗಿಲ್ಲ. ಆ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಅದರಲ್ಲೊಬ್ಬರು ಬೇಸಿಗೆಯಲ್ಲಿ ಮಗಳ ಮದುವೆಗೆ ವಿಡಿಯೋ ತೆಗೆಯಲು ನನ್ನನ್ನು ಕರೆಯುವವರಿದ್ದರು. ನನ್ನ ಯಂತ್ರ ಸುಳ್ಳು ಹೇಳಿದೆ ಎನ್ನಲು ನನಗೆ ನಾಲಗೆ ಏಳಲಿಲ್ಲ. ನಾನು ವೈರು ಸುತ್ತಿದೆ, ಮತ್ತೆ ಬಿಚ್ಚಿದೆ, ಮತ್ತೆ ಸುತ್ತಿದೆ. ವೈನಿ ಸಿಕ್ಕಿಬಿದ್ದಳೆಂದು ನಾಚಿ ಮುಖ ತಪ್ಪಿಸುವವನ ಹಾಗೆ ಉಳಿದವರಿಗೆ ಕಂಡಿರಬೇಕು. ಅಪ್ಪ ಮೇಲೆದ್ದು, "ತಾರೀಖು ಬಿದ್ದ ಮ್ಯಾಲ ಏನ್ ಮಾತಾಡೋದದ, ಊಟಕ್ಕ ಏಳ್ರಿ," ಎಂದರು. ಭದ್ರಣ್ಣ ಉಣ್ಣಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದ.

ಅಂದೇ ಸಂಜೆ ಅಪ್ಪ ದೀಪ ಹಚ್ಚಿ, ಕೈಮುಗಿದು, ಕ್ಯಾಲೆಂಡರಿನ ಹಾಳೆಯನ್ನು ಚರ್ರೆಂದು ಹರಿದರು. ಆ ಸದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕೇಳಿದವನಂತೆ ತಲೆಯೆತ್ತಿದೆ. ಗೋಡೆಯ ಮೇಲೆ ನಾಳೆಯ ತಾರೀಖು ನಿಂತಿತ್ತು. ದೀಪ ಹಚ್ಚಿದ ಮೇಲೆ ಕೂತು ಕ್ಯಾಮೆರಾಕ್ಕೆ ನಾನು ನೋಡಿ ಕೂಡಿಸಿದ್ದು ನಾಳೆಯ ತಾರೀಖನ್ನು. ಒಳಗೆ ಹೋಗಿ ಕ್ಯಾಮೆರಾ ತೆಗೆದು ನೋಡಿದೆ. ಒಂದು ದಿನ ಮುಂದೆ ಓಡುತ್ತಿತ್ತು. ಗುಂಡಿ ಒತ್ತಿ ಸರಿಮಾಡಿದೆ. ಯಂತ್ರ ಸರಿಯಾಗಲು ಅರ್ಧ ನಿಮಿಷ ಹಿಡಿಯಿತು. ನಾಳೆ ಎಲ್ಲರಿಗೂ ಹೇಳೋಣ ಎಂದುಕೊಂಡೆ.

ಮರುದಿನ ಹೇಳಲಿಲ್ಲ. ಮದುವೆಯ ಕೆಲಸ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಶ್ರಾವಣ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದು ನಿಮಗೆ ಗೊತ್ತೇ ಇದೆ. ವೈನಿ ಎಳ್ಳಿನ ಉಂಡಿ, ಶೇಂಗಾದ ಉಂಡಿ ಕಟ್ಟಿ, ಚೀಲ ತುಂಬಿಟ್ಟು, ಕಟ್ಟೆಯ ಮೇಲೆ ನಿಂತಳು. ಉದಗೀರದ ಕಡೆಯ ಬಸ್ಸುಗಳು ಬಂದವು, ಹೋದವು. ಮೂರನೆಯ ದಿನ ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿದಳು. ನನಗೂ ಎರಡು ಕೊಟ್ಟಳು. ನಾನು ತಿಂದೆ, ಸುಳ್ಳೇಕೆ ಹೇಳಲಿ.

ಮುಂದಿನ ವರ್ಷವೂ ಹಾಗೆಯೇ, ಅದರ ಮುಂದಿನ ವರ್ಷವೂ. ಭದ್ರಣ್ಣ ಪೂರ್ತಿ ಬಿಟ್ಟುಬಿಟ್ಟನೆಂದಲ್ಲ. ಮದುವೆ ಮುಂಜಿಗೆ ಅಂಚೆಯಲ್ಲಿ ಪತ್ರಿಕೆ ಕಳಿಸುತ್ತಿದ್ದ, ಕರೆಯಲು ಬರುತ್ತಿರಲಿಲ್ಲ. ಕರೆಯದೆ ಆಕೆ ಹೋಗಲಿಲ್ಲ. ಅಣ್ಣನ ಮನೆಯ ಆ ಹೊಸ್ತಿಲನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ನಾನಾದರೋ ಹೆಸರು ಮಾಡಿದೆ. ಬಸ್‌ಸ್ಟ್ಯಾಂಡಿನ ಎದುರು ವಿಡಿಯೋ ಅಂಗಡಿ ಇಟ್ಟು, ಬೋರ್ಡಿನ ಮೇಲೆ 'ತಾರೀಖು, ಟೈಮು ಸಮೇತ' ಎಂದು ಮರಾಠಿಯಲ್ಲಿ ಬರೆಸಿದೆ. ಆ ಬೋರ್ಡಿನ ಕೆಳಗೆ ಹಾದು ವೈನಿ ತರಕಾರಿಗೆ ಹೋಗುತ್ತಿದ್ದಳು. ಆಮೇಲೆ ಎಲ್ಲರ ಕೈಗೆ ಮೊಬೈಲು ಬಂದು ಅಂಗಡಿ ಮುಚ್ಚಿದೆ. ಅಪ್ಪ ಹೋದರು. ನಾಲ್ಕು ವರ್ಷದ ಹಿಂದೆ ಅಣ್ಣನೂ ಹೋದ. ಹೆಂಡತಿ ಅಂದು ಹೇಳಿದ್ದು ನಿಜವೆಂದು ತಿಳಿದು ಹೋದನೋ, ಸುಳ್ಳೆಂದು ತಿಳಿದೇ ಹೋದನೋ, ನನಗೆ ಗೊತ್ತಿಲ್ಲ. ಅವನ ಮಣ್ಣಿಗೆ ಬಂದ ಭದ್ರಣ್ಣ ತಂಗಿಯ ಮುಂದೆ ಒಂದು ಕ್ಷಣ ನಿಂತು, "ಸಮಾಧಾನ ಮಾಡ್ಕೋ" ಎಂದಷ್ಟೇ ಹೇಳಿ ಹೋದ.

ಈಗ ಸ್ಟುಡಿಯೋದಿಂದ ಎದ್ದುಬಂದ ದಿನಕ್ಕೆ ಬರುತ್ತೇನೆ. ಉಮರ್ಗಾ ಮುಟ್ಟುವಾಗ ಸಂಜೆಯಾಗಿತ್ತು. ವೈನಿ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಚಪ್ಪಲಿ ಬಿಟ್ಟವನೇ ಎದುರಿಗೆ ಕೂತು, ಕ್ಯಾಲೆಂಡರು, ಸೆಲ್ಲು, ಒಂದು ದಿನ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ.

"ನಂಗ ಗೊತ್ತದ," ಎಂದಳು.

"ಯಾವಾಗಿಂದ?"

"ಅವತ್ತಿಂದನ. ದೀಪ ಹಚ್ಚಿದ ಮ್ಯಾಲ ನೀ ಅಂಗಡ್ಯಾಗ ಕುಂತು ಸೆಲ್ ಹಾಕಿದಿ. ಚಹಾ ತಂದಕಿ ನಾನೇ ಅಲ್ಲೇನು? ಮಾವನೋರು ಸಂಜಿಗೇ ಹಾಳಿ ಹರೀತಿದ್ರಂತ ಈ ಮನ್ಯಾಗ ಯಾರಿಗಿ ಗೊತ್ತಿಲ್ಲ?"

"ಮತ್ತ ಯಾಕ ಹೇಳಲಿಲ್ಲ ವೈನಿ?"

"ನಾ ಹೇಳಿದ್ರ ಸಿಕ್ಕೊಂಡಕಿ ಮಾತಾಗ್ತಿತ್ತು. ನೀ ಹೇಳಿದ್ರ ಮಷಿನ್ ಇದ್ದಂವನ ಮಾತು." ಒಂದು ಕಡ್ಡಿ ಸೊಪ್ಪು ಬಿಡಿಸಿ ಮೊರಕ್ಕೆ ಹಾಕಿದಳು. "ಪಂಚಮಿ ಬಂದಾಗ ಕಟ್ಟಿ ಮ್ಯಾಲ ನಿಂತು ಅಣ್ಣನ ಹಾದಿ ನೋಡ್ತಾಳಂತ ನೀವೆಲ್ಲ ತಿಳ್ಕೊಂಡಿದ್ರಿ. ಅಂವಾ ಬರಂಗಿಲ್ಲಂತ ನಂಗ ಗೊತ್ತಿತ್ತು ತಮ್ಮಾ. ನಾ ನಿನ್ನ ಹಾದಿ ನೋಡ್ತಿದ್ದೆ. ನೀ ಒಳಗೇ ಕುಂತಿರ್ತಿದ್ದಿ."

ನನಗೆ ಅತ್ತುಬಿಡೋಣ ಎನಿಸಿತು. ಆದರೆ ಅಳುವ ಹಕ್ಕಾದರೂ ನನಗೆಲ್ಲಿತ್ತು? ಸೊಪ್ಪು ಮುಗಿಸಿ ಎದ್ದು ಆಕೆ ಹೇಳಿದಳು: "ನನಗ ಹೇಳಿದ್ರ ಏನಾಗ್ತದ? ಕೇಳಬೇಕಾದಂವಾ ಉದಗೀರದಾಗ ಅದಾನ. ನಾಳಿಗಿ ನಾನೂ ಬರ್ತೀನಿ ನಡಿ."

ಮರುದಿನ ನಿಲಂಗಾದಲ್ಲಿ ಬಸ್ಸು ಬದಲಿಸುವಾಗ ಆಕೆಯ ಮೊಣಕಾಲು ನೋವು ನೋಡಿ, ಈ ದಾರಿಯನ್ನು ಆಕೆ ನಡುವಯಸ್ಸಿನಲ್ಲೇ ಎಷ್ಟು ಸಲ ಓಡಾಡಬಹುದಿತ್ತು ಎಂದು ನನ್ನ ಮನಸ್ಸು ಎಣಿಸುತ್ತಿತ್ತು. ಸ್ಟುಡಿಯೋದಲ್ಲಿ ಆ ಹೆಣ್ಣುಮಗಳು ದಾಳಿಂಬದ ಹೊಲ ಹಚ್ಚಿದಳು. ಮೂಗಿಗೆ ಮಸಿ ಬಳಿದುಕೊಂಡ ಹುಡುಗಿಯಂಥ ತನ್ನನ್ನೇ ವೈನಿ ಬಹಳ ಹೊತ್ತು ನೋಡಿದಳು. ತಾರೀಖು ಏನು ಹಾಕಲಿ ಎಂದು ಅವಳು ಮತ್ತೆ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ವೈನಿ ಅವಳಿಗೆ ಮರಾಠಿಯಲ್ಲಿ ಹೇಳಿದಳು. ತಾರೀಖು ಬೇಡ, ಬುಧವಾರ ಅಂತಷ್ಟೇ ಬರಿ. ಅವಳು ಹಾಗೇ ಬರೆದು ಪೆನ್‌ಡ್ರೈವ್ ನನ್ನ ಕೈಗೆ ಕೊಟ್ಟಳು.

ಕೋಟೆಯ ಓಣಿಯ ಬಾಯಲ್ಲಿ ವೈನಿ ನಿಂತುಬಿಟ್ಟಳು. "ನೀ ಹೋಗಿ ಹೇಳು. ಕರದ್ರ ಬರ್ತೀನಿ," ಎಂದಳು. ಐವತ್ತು ಹೆಜ್ಜೆಯ ದಾರಿ ನನಗೆ ಐದು ಹರದಾರಿಯಾಯಿತು. ಬಾಗಿಲ ಮೇಲೆ ಸಿಮೆಂಟಿನ ತಾರೀಖು ಹಾಗೇ ಇತ್ತು, ಸುಣ್ಣ ತುಂಬಿಕೊಂಡು. ಭದ್ರಣ್ಣ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ಕೂತುಕೋ ಎಂದ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಮಷಿನ್ ತಪ್ಪಿತ್ತು ಎಂದೆ. ಅದಕ್ಕೆ ಕಲಿಸಿದವನು ನಾನು ಎಂದೆ. ಅಂದೇ ಸಂಜೆ ತಿಳಿದಿತ್ತು ಎಂದೆ. ಈ ಕೊನೆಯ ಮಾತಿಗೆ ಅವನು ಕನ್ನಡಕ ತೆಗೆದು ನನ್ನ ಮುಖ ನೋಡಿದ. ಒಂದು ಹೊಡೆತ ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಹೊಡೆಯಲಿಲ್ಲ, ಬಯ್ಯಲಿಲ್ಲ.

"ಆಕಿ ಎಲ್ಲದಾಳ?" ಎಂದ.

ಓಣಿಯ ಬಾಯಿ ತೋರಿಸಿದೆ. ಅವನು ಒಳಗೆ ತಿರುಗಿ ಹೆಂಡತಿಗೆ, "ಆ ತಾಂಬ್ರದ ಕೊಡ ತಗಿ. ನೀರು ತುಂಬು," ಎಂದ. ಅಷ್ಟು ಹೇಳಿ, ಚಪ್ಪಲಿ ಹುಡುಕದೆ, ಬರಿಗಾಲಿನಲ್ಲಿ ನನ್ನನ್ನು ದಾಟಿಕೊಂಡು ಹೋದ.

ಅಣ್ಣ ತಂಗಿ ಏನು ಮಾತಾಡಿಕೊಂಡರೋ, ನಾನು ದೂರವಿದ್ದೆ. ವೈನಿ ಅಂಗಳದಲ್ಲಿ ಸೆರಗು ಹೊದ್ದು, ತುಂಬಿದ ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡಳು. ಮೊಣಕಾಲು ನಡುಗುತ್ತಿದ್ದರಿಂದ ಭದ್ರಣ್ಣ ಒಂದು ಕೈ ಹಿಡಿದಿದ್ದ. ಕೊಡ ಸ್ವಲ್ಪ ತುಳುಕಿ ಆಕೆಯ ಹೆಗಲು ನೆನೆಯಿತು. ನನ್ನ ಕೈ ತಂತಾನೇ ಕಿಸೆಯ ಮೊಬೈಲಿಗೆ ಹೋಯಿತು. ಈಗಿನ ಮೊಬೈಲು ಯಾವ ಕ್ಯಾಲೆಂಡರನ್ನೂ ನೋಡದೆ ತಾನೇ ತಾರೀಖು ತಿಳಿದುಕೊಳ್ಳುತ್ತದೆ. ಅದನ್ನು ಹೊರಗೆ ತೆಗೆಯಲಿಲ್ಲ. ಆಕೆ ಹೊಸ್ತಿಲು ದಾಟಿ ಒಳಗೆ ಹೋದಳು, ಮನೆಯವರು ಹಿಂದೆ ಹೋದರು. ನನ್ನನ್ನು ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಆ ಪೆನ್‌ಡ್ರೈವು ಈಗ ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ. ಭದ್ರಣ್ಣ ಅದನ್ನು ಕೇಳಲಿಲ್ಲ. ನಾನು ಹೇಳಿದ ಮಾತೇ ಅವನಿಗೆ ಸಾಕಾಗಿತ್ತು.